ಸೂತ್ರ ತಪ್ಪಿದ ಹಾಯಿ

ಈಸ್ಟ್ ಹೆಡ್‌ನ ಮರಳದಿಬ್ಬ ಕಣ್ಣೆದುರಿಗೇ ಇತ್ತು. ನಮಗಿಂತ ಮೊದಲು ಹೋದವರು ದೋಣಿ ದಡಕ್ಕೆಳೆದು ಆರಾಮಾಗಿ ಕೂತಿದ್ದರು. ನಾವು ಮಾತ್ರ ಮುಕ್ಕಾಲು ಗಂಟೆಯಿಂದ ಒಂದೇ ಗುರುತಿನ ಕಂಬದ ಆಚೆ ಈಚೆ ಓಡಾಡುತ್ತಿದ್ದೆವು. ನೀರು ಬುಳುಬುಳು ಅಂತ ಹಿಂದಕ್ಕೆ ಹೋಗುತ್ತಿತ್ತು, ದೋಣಿ ಓಡುತ್ತಿರುವ ಹಾಗೇ ಇತ್ತು. ದಡ ನೋಡಿದರೆ ಮಾತ್ರ ನಿಂತಲ್ಲೇ ನಿಂತಿತ್ತು.

"ರೀ, ಆ ಕಂಬ ನಮ್ಮ ಜೊತೇಲೇ ಬರ್ತಾ ಇದೆಯಾ?" ಅಂದಳು ಹೆಂಡತಿ.

ನಗು ಬರಲಿಲ್ಲ. ಚುಕ್ಕಾಣಿ ಹಿಡಿದ ಕೈ ಭುಜದವರೆಗೂ ನೋಯುತ್ತಿತ್ತು.

ಇದು ನಡೆದದ್ದು ಇಂಗ್ಲೆಂಡಿನ ದಕ್ಷಿಣ ತೀರದ ಚಿಚೆಸ್ಟರ್ ಹಾರ್ಬರ್‌ನಲ್ಲಿ, ಮೇ ತಿಂಗಳ ಒಂದು ಶನಿವಾರ. ಹಾರ್ಬರ್ ಅಂದರೆ ಹಡಗುಕಟ್ಟೆ ಅಂದುಕೊಳ್ಳಬೇಡಿ. ಸಮುದ್ರ ನೆಲದೊಳಗೆ ಕೈಬೆರಳುಗಳ ಹಾಗೆ ಚಾಚಿಕೊಂಡಿರುವ ಜಾಗ ಅದು. ಭರತದಲ್ಲಿ ದೊಡ್ಡ ಕೆರೆ, ಇಳಿತದಲ್ಲಿ ಬರೀ ಕೆಸರು, ನಡುವೆ ಕಿರಿದಾದ ನೀರಿನ ದಾರಿ. ಬಾಷಮ್ ಅನ್ನೋ ಊರಲ್ಲಂತೂ ತಿಳಿಯದೆ ದಡದ ರಸ್ತೆಯಲ್ಲಿ ನಿಲ್ಲಿಸಿದ ಕಾರುಗಳು ಭರತ ಬಂದಾಗ ನೀರಲ್ಲಿ ಮುಳುಗುತ್ತವೆ. ನೋಡೋಕೆ ಅಂತಲೇ ಜನ ಕಾಫಿ ಹಿಡಿದು ನಿಂತಿರುತ್ತಾರೆ.

ನಾವು ಇಚೆನರ್ ಊರಿನಿಂದ ಹೊರಟು ಹಾರ್ಬರ್ ಬಾಯಿಯ ಹತ್ತಿರದ ಈಸ್ಟ್ ಹೆಡ್‌ಗೆ ಹೋಗಬೇಕಿತ್ತು. ದೂರ ಎರಡು ಮೈಲಿ ಚಿಲ್ಲರೆ. ಈ ತೀರದಲ್ಲಿ ಗಾಳಿ ಬಹುಪಾಲು ನೈಋತ್ಯದಿಂದ ಬೀಸುತ್ತದೆ, ಅಂದರೆ ಹೋಗುವಾಗ ಮುಖಕ್ಕೇ. ಹಾಯಿದೋಣಿ ನೇರ ಗಾಳಿಗೆ ಎದುರಾಗಿ ಹೋಗಲ್ಲ. ಓರೆಯಾಗಿ ಒಂದಷ್ಟು ದೂರ ಹೋಗಿ, ತಿರುಗಿ, ಇನ್ನೊಂದು ಕಡೆಗೆ ಓರೆಯಾಗಿ ಹೋಗಬೇಕು. ಇದಕ್ಕೆ ಟ್ಯಾಕ್ ಮಾಡೋದು ಅನ್ನುತ್ತಾರೆ. ಹೊರಟಾಗ ಇಳಿತದ ನೀರು ನಮ್ಮ ಜೊತೆಗಿತ್ತು. ಹೊರಡುವುದೇ ತಡವಾಗಿದ್ದರಿಂದ ದಾರಿಯಲ್ಲೇ ಭರತ ಶುರುವಾಯಿತು. ನೀರು ಒಳಕ್ಕೆ ತಳ್ಳತೊಡಗಿದ ಮೇಲೆ ದೋಣಿಯ ಬಂಡವಾಳ ಬಯಲಾಯಿತು. ಕೊನೆಗೆ ಸೋತು ಗಾಳಿಗೆ ಬೆನ್ನು ಕೊಟ್ಟು ವಾಪಸ್ ಬಂದೆವು. ಹೋಗೋಕೆ ಆಗದ ದಾರಿಯಲ್ಲಿ ಬರುವುದು ಎಷ್ಟು ಸಲೀಸು!

ದೋಣಿ ಎಂಥದು

ಹದಿನಾಲ್ಕು ಅಡಿಯ ಪ್ಲೈವುಡ್ ದೋಣಿ. ಮನೆಯ ಗ್ಯಾರೇಜಿನಲ್ಲಿ ನಾನೇ ಕಟ್ಟಿದ್ದು, ಹದಿನಾಲ್ಕು ತಿಂಗಳು ಹಿಡಿಯಿತು. ತಿಂಗಳಿಗೆ ಒಂದಡಿ! ಹಲಗೆ ತುಂಡುಗಳನ್ನು ತಾಮ್ರದ ತಂತಿಯಲ್ಲಿ ಬಟ್ಟೆ ಹೊಲಿದ ಹಾಗೆ ಹೊಲಿದು, ಸಂದಿಗೆ ಇಪಾಕ್ಸಿ ಅಂಟು ಮತ್ತು ಫೈಬರ್‌ಗ್ಲಾಸ್ ಪಟ್ಟಿ ಹಾಕುವ ಕ್ರಮ. ಈ ಕ್ರಮವನ್ನು ಮನೆಮನೆಗೆ ಮುಟ್ಟಿಸಿದ್ದು ಮಿರರ್ ಅನ್ನೋ ಪುಟ್ಟ ದೋಣಿ. 1960ರ ದಶಕದ ಶುರುವಿನಲ್ಲಿ ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ ಸೇರಿ ಅದನ್ನು ರೂಪಿಸಿದರು. ಬೆನ್ನಿಗೆ ಡೈಲಿ ಮಿರರ್ ಪತ್ರಿಕೆ ನಿಂತಿತ್ತು. 70,000ಕ್ಕೂ ಹೆಚ್ಚು ಮಿರರ್ ದೋಣಿಗಳಾಗಿವೆ. ಹಾಗಾಗಿ ಇಲ್ಲಿ ಗ್ಯಾರೇಜಿನಲ್ಲಿ ದೋಣಿ ಕಟ್ಟುತ್ತೇನೆ ಅಂದರೆ ಯಾರೂ ಹುಬ್ಬೇರಿಸಲ್ಲ. ಊರಿಗೆ ಫೋನ್ ಮಾಡಿ ಹೇಳಿದಾಗ ಅಣ್ಣ ಮಾತ್ರ, "ಮಳೆ ಜಾಸ್ತಿನಾ ಅಲ್ಲಿ?" ಅಂದ.

ನಮ್ಮದು ರೇಸಿಗೆ ಹೋಗುವ ದೋಣಿಯಲ್ಲ. ಟೆಂಟು, ಸ್ಟವ್, ಎರಡು ದಿನದ ಊಟ ಹೇರಿಕೊಂಡು ದಡದಿಂದ ದಡಕ್ಕೆ ಅಲೆಯುವ ದೋಣಿ. ಇಂಥ ಅಲೆದಾಟಕ್ಕೆ ಇಲ್ಲಿ ದೊಡ್ಡ ಹೆಸರು ಫ್ರ್ಯಾಂಕ್ ಡೈ ಅವರದು. 1963ರಲ್ಲಿ ಅವರು ಸ್ಕಾಟ್‌ಲೆಂಡಿನಿಂದ ಐಸ್‌ಲೆಂಡಿಗೆ ಹದಿನಾರಡಿಯೂ ಇಲ್ಲದ ತೆರೆದ ವೇಫೇರರ್ ದೋಣಿಯಲ್ಲಿ ಹೋದರು. ನನಗೆ ಇಚೆನರ್‌ನಿಂದ ಈಸ್ಟ್ ಹೆಡ್‌ಗೆ ಹೋಗೋಕೆ ಆಗಲಿಲ್ಲ. ಇರಲಿ.

ಹಾಯಿಯದು ಲಗ್ ಅನ್ನೋ ಹಳೇ ಮಾದರಿ. ನಾಲ್ಕು ಮೂಲೆ, ಒಂಬತ್ತು ಚದರ ಮೀಟರ್. ತಲೆಯ ಮೇಲೆ ಓರೆಯಾಗಿ ನಿಲ್ಲುವ ಗಳ ಒಂದು, ಅದನ್ನು ಮೇಲ್ಗಳ ಅನ್ನುತ್ತೇನೆ. ಕೆಳಗೆ ಇನ್ನೊಂದು ಗಳ, ಅದು ಬೂಮ್. ಎರಡೂ ದೋಣಿಯಲ್ಲಿ ನೆಟ್ಟ ಹಾಯಿಕಂಬಕ್ಕೆ ಅಡ್ಡವಾಗಿ ನಿಂತು ಸ್ವಲ್ಪ ಭಾಗ ಕಂಬದ ಮುಂದಕ್ಕೂ ಚಾಚಿಕೊಂಡಿರುತ್ತವೆ. ಮೇಲ್ಗಳವನ್ನು ಎತ್ತಿ ಹಿಡಿಯುವ ಹಗ್ಗ ಹ್ಯಾಲ್ಯರ್ಡ್. ಬೂಮನ್ನು ಕಂಬದ ಬುಡಕ್ಕೆ ಜಗ್ಗಿ ಹಿಡಿಯುವ ಹಗ್ಗ ಡೌನ್‌ಹಾಲ್. ಬೂಮಿನ ಹಿಂತುದಿಯನ್ನು ಒಳಕ್ಕೆ ಎಳೆಯೋಕೆ, ಹೊರಕ್ಕೆ ಬಿಡೋಕೆ ಇರುವ ಹಗ್ಗ ಶೀಟ್. ಶೀಟ್ ಅಂದರೆ ಬಟ್ಟೆ ಅಂತ ಮೊದಲ ಆರು ತಿಂಗಳು ನಾನೂ ಅಂದುಕೊಂಡಿದ್ದೆ. ಹಗ್ಗ ಅದು. ಇಷ್ಟೇ ಸಾಮಾನು. ಕಂಬವನ್ನು ಬಿಗಿದು ನಿಲ್ಲಿಸುವ ತಂತಿಗಳಿಲ್ಲ, ಮುಂದೆ ಇನ್ನೊಂದು ಹಾಯಿಯಿಲ್ಲ. ಇಷ್ಟು ಸರಳ ಇರೋದಕ್ಕೇ ಇದನ್ನು ಆರಿಸಿದ್ದು. ಸರಳವಾದ್ದರಲ್ಲಿ ತಪ್ಪು ಹುಡುಕೋದು ಸುಲಭ ಅಂತ ನಂಬಿದ್ದೆ.

ಏನು ತೊಂದರೆ

ದೋಣಿ ಗಾಳಿಯ ಕಡೆಗೆ ಮೂತಿ ತಿರುಗಿಸೋಕೆ ಹಟ ಹಿಡಿಯುತ್ತಿತ್ತು. ನೊಗದಲ್ಲಿ ಒಂದು ಎತ್ತು ಮಾತ್ರ ಜಗ್ಗುವ ಗಾಡಿಯ ಹಾಗೆ. ನೇರ ಹೋಗಬೇಕಾದರೆ ಚುಕ್ಕಾಣಿಯ ಹಿಡಿಯನ್ನು ಸದಾ ಗಾಳಿ ಬರುವ ಕಡೆಗೆ ಎಳೆದು ಹಿಡಿದಿರಬೇಕು. ಹಿಡಿಯ ಉದ್ದ 80 ಸೆಂ.ಮೀ. ಅದರ ತುದಿ ನಡುಗೆರೆಯಿಂದ 18 ಸೆಂ.ಮೀ. ಆಚೆ ನಿಂತಿರುತ್ತಿತ್ತು. ಲೆಕ್ಕ ಹಾಕಿದರೆ ಚುಕ್ಕಾಣಿ 13 ಡಿಗ್ರಿ ಓರೆ. ನಾಲ್ಕೈದು ಡಿಗ್ರಿ ಆದರೆ ಒಳ್ಳೇದೇ. ಹದಿಮೂರು ಅಂದರೆ ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದ ಹಾಗೆ.

ಎರಡನೆಯದು, ಗಾಳಿಗೆ ಎದುರಾಗಿ ಏರುತ್ತಲೇ ಇರಲಿಲ್ಲ. ಆಮೇಲೊಂದು ದಿನ ಭರತ ತುಂಬಿ ನೀರು ನಿಂತ ಹೊತ್ತಿನಲ್ಲಿ ಅಳೆದೆ. ನೀರು ಹರಿಯುವಾಗ ಫೋನಿನ ಜಿಪಿಎಸ್ ನಂಬಿದರೆ ಸುಮ್ನೆ ಮೋಸ, ಅದು ದೋಣಿಯ ಓಟಕ್ಕೆ ನೀರಿನ ಓಟವನ್ನೂ ಸೇರಿಸಿ ತೋರಿಸುತ್ತದೆ. ಗಾಳಿ ಬ್ಯೂಫೋರ್ಟ್ ಮಾಪನದಲ್ಲಿ 3, ಅಂದರೆ ಗಂಟೆಗೆ 7ರಿಂದ 10 ನಾಟಿಕಲ್ ಮೈಲಿ. ಗಂಟೆಗೆ ಒಂದು ನಾಟಿಕಲ್ ಮೈಲಿ ಅಂದರೆ ಒಂದು ನಾಟ್. ಒಂದು ಟ್ಯಾಕಿನಿಂದ ಇನ್ನೊಂದಕ್ಕೆ ತಿರುಗಿದಾಗ ದಾರಿ 120 ಡಿಗ್ರಿ ಬದಲಾಯಿತು. ವೇಗ 3.2 ನಾಟ್. ಅಂದರೆ ಗಾಳಿಯ ದಿಕ್ಕಿಗೆ ನಾವು ನಿಜವಾಗಿ ಮುಂದೆ ಹೋಗುತ್ತಿದ್ದದ್ದು ಗಂಟೆಗೆ 1.6 ನಾಟಿಕಲ್ ಮೈಲಿ ಮಾತ್ರ. ಎದುರಿನಿಂದ ಭರತ ಒಂದೂವರೆ ನಾಟಿನಲ್ಲಿ ಬಂದರೆ ಉಳಿಯುವುದೆಷ್ಟು? ಆ ಗುರುತಿನ ಕಂಬ ಯಾಕೆ ನಮ್ಮ ಜೊತೇಲೇ ಬರುತ್ತಿತ್ತು ಅಂತ ಅವತ್ತು ಗೊತ್ತಾಯಿತು.

ಮಾಡಿದ ತಪ್ಪು ಪ್ರಯೋಗಗಳು

ಮೊದಲು ಶೀಟ್ ಹಿಡಿದು ಎಳೆದೆ. ಹೊಸಬರೆಲ್ಲ ಮಾಡೋದು ಇದೇ. ಏರುತ್ತಿಲ್ಲ ಅಂದರೆ ಹಾಯಿಯನ್ನು ಇನ್ನೂ ಒಳಕ್ಕೆ ಎಳೆ. ಬೂಮ್ ದೋಣಿಯ ನಡುಗೆರೆಗೆ ಬಂತು, ವೇಗ 2.5ಕ್ಕೆ ಇಳಿಯಿತು, ಚುಕ್ಕಾಣಿ ಇನ್ನೂ ಭಾರವಾಯಿತು. ಹಾಯಿಗೆ ಅಂಟಿಸಿದ್ದ ಉಲ್ಲನ್ ದಾರದ ತುಂಡುಗಳು ಹಿಂದಕ್ಕೆ ನೆಟ್ಟಗೆ ಹಾರಬೇಕು. ಅವು ಹಾಯಿಯ ಹಿಂಬದಿಗೆ ಸುತ್ತಿಕೊಂಡು ಒದ್ದಾಡುತ್ತಿದ್ದವು. ಗಾಳಿ ಹಾಯಿಯ ಮೇಲೆ ಜಾರಿಕೊಂಡು ಹೋಗುವ ಬದಲು ಡಿಕ್ಕಿ ಹೊಡೆಯುತ್ತಿದೆ ಅಂತ ಅರ್ಥ. ಬೂಮಿನ ತುದಿ ದೋಣಿಯ ಹಿಂಬದಿಯ ಮೂಲೆಯ ಮೇಲೆ ಬರುವಷ್ಟು ಶೀಟ್ ಸಡಿಲಿಸಿದಾಗ ದಾರಗಳು ನೆಟ್ಟಗಾದವು. ಇದೊಂದು ಲಾಭ.

ಆಮೇಲೆ ಸೆಂಟರ್‌ಬೋರ್ಡ್. ದೋಣಿಯ ಹೊಟ್ಟೆಯಿಂದ ನೀರಿಗಿಳಿದು, ಅಡ್ಡಡ್ಡ ಜಾರದ ಹಾಗೆ ತಡೆಯುವ ಹಲಗೆ ಅದು. ಹಾಯಿಯ ಎಳೆತದ ನಡು ಈ ಹಲಗೆಗಿಂತ ತುಂಬಾ ಹಿಂದಿದ್ದರೆ ದೋಣಿಯ ಹಿಂಭಾಗ ಗಾಳಿಯ ಜೊತೆ ತಳ್ಳಿಸಿಕೊಂಡು ಹೋಗುತ್ತದೆ, ಮೂತಿ ಗಾಳಿ ಕಡೆ ತಿರುಗುತ್ತದೆ. ನಮ್ಮ ಕಾಯಿಲೆಯ ಮೂಲವೇ ಅದು. ಹಲಗೆಯನ್ನು ಅರ್ಧ ಎತ್ತಿದರೆ ಅದು ಹಿಂದಕ್ಕೆ ವಾಲುತ್ತದೆ, ತೂಕ ಸರಿಹೋಗಬಹುದು ಅಂತ ನನ್ನ ಲೆಕ್ಕ. ಸರಿಹೋಯಿತು ಕೂಡ. ಹಿಡಿಯ ತುದಿ 18ರಿಂದ 11 ಸೆಂ.ಮೀ.ಗೆ ಬಂತು. ಖುಷಿಯಲ್ಲಿ ಸೀಟಿ ಹೊಡೆಯುತ್ತಾ ಹೋದವನು ಹತ್ತು ನಿಮಿಷದಲ್ಲಿ ಕೆಸರಿನ ಅಂಚಿಗೆ ಬಂದಿದ್ದೆ. ದೋಣಿ ಏಡಿಯ ಹಾಗೆ ಅಡ್ಡಡ್ಡ ಹೋಗಿತ್ತು. ಹಿಂತಿರುಗಿ ನೋಡಿದರೆ ನೀರಲ್ಲಿ ನಮ್ಮ ಜಾಡು ನೇರ ಹಿಂದಕ್ಕಿರದೆ ಓರೆಯಾಗಿ ಬಿದ್ದಿತ್ತು.

ಮೂರನೆಯದಾಗಿ ಕಂಬವನ್ನೇ ಮುಂದಕ್ಕೆ ವಾಲಿಸೋಕೆ ಬುಡಕ್ಕೆ ಮರದ ಬೆಣೆ ಕೊಟ್ಟೆ. 18 ಇದ್ದದ್ದು 16 ಆಯಿತು. ಅರ್ಧ ದಿನದ ಕೆಲಸಕ್ಕೆ ಎರಡು ಸೆಂ.ಮೀ. ಕೂಲಿ.

ಇದರ ಮಧ್ಯೆ ಎಡಗಡೆಯ ಗಾಳಿಯ ಮೇಲೂ ಗೂಬೆ ಕೂರಿಸಿದ್ದೆ. ನಮ್ಮ ಹಾಯಿ ಕಂಬದ ಎಡಕ್ಕೆ ನೇತಾಡುತ್ತದೆ. ಗಾಳಿ ಎಡದಿಂದ ಬಂದಾಗ ಬಟ್ಟೆ ಕಂಬಕ್ಕೆ ಒತ್ತಿಕೊಂಡು ಗೀರು ಬೀಳುತ್ತದೆ, ನೋಡೋಕೆ ಕೆಟ್ಟದಾಗಿರುತ್ತದೆ. ತೊಂದರೆ ಇದೇ ಇರಬೇಕು ಅಂದುಕೊಂಡೆ. ಅಳೆದರೆ ಎಡಕ್ಕೂ ಬಲಕ್ಕೂ ವ್ಯತ್ಯಾಸ ಎರಡು ಮೂರು ಡಿಗ್ರಿ, ಅಷ್ಟೇ.

ಎರಡು ಫೋಟೋ

ಜೂನ್‌ನಲ್ಲಿ ಹೆಂಡತಿ ಒಂದು ದಿನ ದೋಣಿ ಹತ್ತೋದಿಲ್ಲ ಅಂದಳು. "ನೀವು ಎದುರಿಗೇ ಒಂದಷ್ಟು ಸಲ ಹೋಗಿ ಬನ್ನಿ, ನಾನು ದಡದಿಂದ ನೋಡ್ತೀನಿ." ಕಾಬ್ನರ್ ಮೂಲೆಯ ಕಾಲುದಾರಿಯಲ್ಲಿ ನಿಂತು ಫೋನಿನಲ್ಲಿ ಹತ್ತಾರು ಫೋಟೋ ತೆಗೆದಳು. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪಿನಲ್ಲಿ ಎರಡು ಫೋಟೋ ಅಕ್ಕಪಕ್ಕ ಇಟ್ಟಳು. ಒಂದು, ಬೆಳಗ್ಗೆ ಗಾಳಿ ಏಳುವ ಮೊದಲು ದಡದಲ್ಲಿ ಹಾಯಿ ಏರಿಸಿ ಹೆಮ್ಮೆಯಿಂದ ತೆಗೆಸಿಕೊಂಡದ್ದು. ಇನ್ನೊಂದು ಮಧ್ಯಾಹ್ನದ್ದು, ಗಾಳಿಯಲ್ಲಿ.

"ಇದು ನಮ್ಮ ಹಾಯೀನೇನಾ?"

ನನಗೆ ಮೊದಲು ಏನೂ ಕಾಣಲಿಲ್ಲ. ಅವಳು ಮಗಳ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತಂದು ಪರದೆಗೆ ಹಿಡಿದಳು. ಬೆಳಗಿನ ಫೋಟೋದಲ್ಲಿ ಮೇಲ್ಗಳ ನೀರಿನ ಮಟ್ಟಕ್ಕೆ 62 ಡಿಗ್ರಿಯಲ್ಲಿ ನಿಂತಿತ್ತು. ಮಧ್ಯಾಹ್ನದ್ದರಲ್ಲಿ 53.

ಒಂಬತ್ತು ಡಿಗ್ರಿ ಅಂದರೆ ಏನು ಮಹಾ ಅನಿಸುತ್ತದೆ, ಅಲ್ವಾ? ಗಳದ ಉದ್ದ 3.4 ಮೀಟರ್. ಹ್ಯಾಲ್ಯರ್ಡ್ ಕಟ್ಟಿದ ಜಾಗದಿಂದ ಹಿಂತುದಿಗೆ 2.28 ಮೀಟರ್. ಅಷ್ಟುದ್ದದ ಗಳ ಒಂಬತ್ತು ಡಿಗ್ರಿ ವಾಲಿದರೆ ತುದಿ ಒಂದು ಗೇಣು ಕೆಳಗಿಳಿಯುತ್ತದೆ, ಸುಮಾರು ಒಂದಡಿ ಹಿಂದಕ್ಕೆ ಹೋಗುತ್ತದೆ. ಹಾಯಿಯ ಮೇಲರ್ಧವೆಲ್ಲ ಅದರ ಜೊತೆ ಹಿಂದಕ್ಕೆ. ನಾನು ಸೆಂಟರ್‌ಬೋರ್ಡಿನ ಜೊತೆ ಗುದ್ದಾಡುತ್ತಿದ್ದಾಗ ತಲೆಯ ಮೇಲೆ ಹಾಯಿಯೇ ಜಾಗ ಬಿಟ್ಟಿತ್ತು.

ಮಧ್ಯಾಹ್ನದ ಫೋಟೋದಲ್ಲಿ ಇನ್ನೊಂದು ವಿಷಯ. ಹಾಯಿಯ ಮುಂದಿನ ಮೇಲ್ಮೂಲೆಯಿಂದ ಹಿಂದಿನ ಕೆಳಮೂಲೆಗೆ ಉದ್ದಕ್ಕೂ ಒಂದು ಸುಕ್ಕು. ಹಾಸಿಗೆಯ ಚಾದರದ ಎರಡು ಎದುರು ಮೂಲೆ ಹಿಡಿದು ಎಳೆದರೆ ಬೀಳುವಂಥದು. ಗಳದ ಹಿಂತುದಿ ಕುಸಿದಾಗ ಮುಂತುದಿ ಮೇಲೇಳುತ್ತದೆ. ಆಗ ಈ ಎರಡು ಮೂಲೆಗಳ ನಡುವೆ ಎಳೆತ ಹೆಚ್ಚಿ, ಇನ್ನೆರಡು ಮೂಲೆಗಳ ನಡುವೆ ಬಟ್ಟೆ ಸಡಿಲವಾಗುತ್ತದೆ. ಸಡಿಲವಾದ ಬಟ್ಟೆಯನ್ನು ಗಾಳಿ ಚೀಲ ಮಾಡುತ್ತದೆ. ಚೀಲದ ಹೊಟ್ಟೆ ಹಿಂದಕ್ಕೆ ಸರಿಯುತ್ತದೆ. ಮೂತಿ ಇನ್ನಷ್ಟು ಗಾಳಿ ಕಡೆ ತಿರುಗುತ್ತದೆ.

ಮರುವಾರ ಇಚೆನರ್ ದಡದಲ್ಲಿ ನನ್ನ ಪಕ್ಕ ಹಳೇ ದೋಣಿಯ ಒಬ್ಬ ಮುದುಕ ಹಾಯಿ ಏರಿಸುತ್ತಿದ್ದ. ಅವನ ಹಾಯಿಯಲ್ಲಿ ನನ್ನದಕ್ಕೆ ಉಲ್ಟಾ ಸುಕ್ಕು. ಹಿಂದಿನ ಮೇಲ್ತುದಿಯಿಂದ ಮುಂದಿನ ಕೆಳಮೂಲೆಗೆ, ಎದ್ದು ಕಾಣುವಷ್ಟು. ಪಾಪ, ಕಣ್ಣು ಸರಿ ಕಾಣಲ್ಲವೇನೋ ಅಂತ ತೋರಿಸಿದೆ. ಅವನು ನನ್ನ ನೀಟಾದ ಹಾಯಿಯನ್ನು ಒಮ್ಮೆ ನೋಡಿ, ಇದು ದಡಕ್ಕೆ ಚೆನ್ನಾಗಿದೆ ಅಂದ. ಗಾಳಿ ತುಂಬಿದ ಮೇಲೆ ಗಳ ಕುಸಿಯುತ್ತದೆ, ಆ ಕುಸಿತ ನನ್ನ ಸುಕ್ಕನ್ನು ತಿನ್ನುತ್ತದೆ, ನಿನ್ನದರಲ್ಲಿ ತಿನ್ನೋಕೆ ಏನಿದೆ ಅಂತ ಕೇಳಿದ. ನಾನು ದಡದಲ್ಲಿ ಇಸ್ತ್ರಿ ಮಾಡಿದ ಹಾಗೆ ಹಾಯಿ ಕಟ್ಟುತ್ತಿದ್ದೆ. ಫೋಟೋಗೆ ಅಂತ.

ಹಗ್ಗದ ಕತೆ

ಗಳ ಯಾಕೆ ಅಷ್ಟು ಕುಸಿಯುತ್ತಿತ್ತು? ಮೇಲ್ಗಳ ಹ್ಯಾಲ್ಯರ್ಡ್ ಕಟ್ಟಿದ ಜಾಗದಲ್ಲಿ ತಕ್ಕಡಿಯ ಹಾಗೆ ತೂಗುತ್ತದೆ. ಹಿಂಭಾಗ ಉದ್ದ, ಭಾರ. ಮುಂಭಾಗ ಗಿಡ್ಡ. ಹಿಂಭಾಗ ಮೇಲೆ ನಿಲ್ಲಬೇಕಾದರೆ ಮುಂಭಾಗವನ್ನು ಕೆಳಗೆ ಜಗ್ಗಿ ಹಿಡಿಯಬೇಕು. ಆ ಕೆಲಸ ಡೌನ್‌ಹಾಲ್‌ನದು. ಬೂಮ್ ಕೆಳಕ್ಕೆ, ಬೂಮಿನಿಂದ ಹಾಯಿಯ ಮುಂದಂಚು ಕೆಳಕ್ಕೆ, ಮುಂದಂಚಿನಿಂದ ಗಳದ ಮೂತಿ ಕೆಳಕ್ಕೆ. ಲಗ್ ಹಾಯಿಯಲ್ಲಿ ಶೀಟಿಗಿಂತ ಡೌನ್‌ಹಾಲ್ ದೊಡ್ಡ ಹಗ್ಗ. ಇದು ನನಗೆ ಒಂದು ಇಡೀ ಬೇಸಿಗೆ ಗೊತ್ತಿರಲಿಲ್ಲ.

ನಾನು ಬಿಗಿಯಾಗೇ ಕಟ್ಟುತ್ತಿದ್ದೆ. ಆದರೂ ಅರ್ಧ ಗಂಟೆಯಲ್ಲಿ ಡೌನ್‌ಹಾಲ್ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲು ಬೀಳುತ್ತಿತ್ತು. ಗಂಟು ಜಾರಿದೆಯಾ ಅಂತ ನೋಡೋಕೆ ಹ್ಯಾಲ್ಯರ್ಡ್ ಗೂಟಕ್ಕೆ ಸುತ್ತಿದ ಜಾಗದಲ್ಲಿ ಟೇಪ್ ಅಂಟಿಸಿದೆ. ಟೇಪ್ ಇದ್ದಲ್ಲೇ ಇತ್ತು. ಗಂಟು ಜಾರಿಲ್ಲ ಅಂದರೆ ಹಗ್ಗವೇ ಉದ್ದವಾಗುತ್ತಿರಬೇಕು.

ಹಿತ್ತಲಲ್ಲಿ ಪರೀಕ್ಷೆ ಮಾಡಿದೆವು. ಐದು ಮೀಟರ್ ಹಗ್ಗವನ್ನು ಮಹಡಿಯ ಕಿಟಕಿಯಿಂದ ಇಳಿಬಿಟ್ಟು, ತುದಿಗೆ 20 ಲೀಟರ್ ನೀರಿನ ಕ್ಯಾನ್ ತೂಗುಹಾಕಿದೆ. ಹಗ್ಗ 7 ಸೆಂ.ಮೀ. ಇಳಿಯಿತು. ಹೆಂಡತಿ ಕಿಟಕಿಯಿಂದ ಬಗ್ಗಿ, "ಯಾವ ಹಗ್ಗ ರೀ ಇದು?" ಅಂದಳು. ನೈಲಾನ್. ದೋಣಿಯನ್ನು ದಡಕ್ಕೆ ಕಟ್ಟೋಕೆ ತಂದಿದ್ದ ಸುರುಳಿಯಲ್ಲಿ ಉಳಿದದ್ದು. ಹೇಗೂ ಇತ್ತಲ್ಲ ಅಂತ ಹಾಯಿಗೂ ಅದನ್ನೇ ಹಾಕಿದ್ದೆ. ಲಂಗರಿಗೆ, ಕಟ್ಟೋದಕ್ಕೆ ನೈಲಾನ್ ಒಳ್ಳೇದು, ಎಳೆತಕ್ಕೆ ಹಿಗ್ಗಿ ಜರ್ಕ್ ನುಂಗುತ್ತದೆ. ಹಾಯಿ ಎತ್ತಿ ಹಿಡಿಯೋಕೆ ಆ ಗುಣವೇ ಶತ್ರು. ಮೊದಲೇ ಹಿಗ್ಗಿಸಿ ತಯಾರಿಸಿದ ಪಾಲಿಯೆಸ್ಟರ್ ಹಗ್ಗ ತಂದು ಅದೇ ಕ್ಯಾನ್ ಕಟ್ಟಿದೆ. ಒಂದು ಸೆಂ.ಮೀ. ಕೂಡ ಪೂರ್ತಿ ಇಳಿಯಲಿಲ್ಲ. ಸಾವಿರಾರು ಪೌಂಡಿನ ದೋಣಿಗೆ ಹತ್ತು ಹದಿನೈದು ಪೌಂಡ್ ಉಳಿಸೋಕೆ ಹೋಗಿದ್ದೆ.

ಜೊತೆಗೆ ಡೌನ್‌ಹಾಲ್‌ಗೆ ರಾಟೆ ಹೆಚ್ಚಿಸಿದೆ. ಮೊದಲು ನಾನು ಎಳೆದದ್ದು ಎರಡರಷ್ಟಾಗುತ್ತಿತ್ತು, ಈಗ ನಾಲ್ಕರಷ್ಟು. ಕೆಳತುದಿಯನ್ನು ದೋಣಿಯ ತಳಕ್ಕಲ್ಲ, ಕಂಬದ ಬುಡಕ್ಕೇ ಕಟ್ಟಿದೆ. ಇಲ್ಲದಿದ್ದರೆ ಅಷ್ಟು ಎಳೆತ ಕಂಬವನ್ನು ಕೆಳಕ್ಕೂ ದೋಣಿಯ ತಳವನ್ನು ಮೇಲಕ್ಕೂ ಜಗ್ಗುತ್ತಿರುತ್ತದೆ. ಪ್ಲೈವುಡ್ ತಳಕ್ಕೆ ಅದು ಒಳ್ಳೇದಲ್ಲ. ಎಷ್ಟು ಬಿಗಿಯಬೇಕು ಅನ್ನೋದಕ್ಕೆ ಈಗ ನನ್ನ ಅಳತೆ ಇದು: ದಡದಲ್ಲಿ ಮುದುಕನ ಸುಕ್ಕು ಚೆನ್ನಾಗಿ ಕಾಣುವವರೆಗೆ, ಆಮೇಲೆ ಇನ್ನೊಂದು ಜಗ್ಗು.

ಆ ಭಾನುವಾರವೇ ಮತ್ತೆ ಅಳತೆ. ಹಿಡಿ 18ರಿಂದ 10 ಸೆಂ.ಮೀ.ಗೆ. ಟ್ಯಾಕಿನ ಕೋನ 120ರಿಂದ 108ಕ್ಕೆ. ಸೆಂಟರ್‌ಬೋರ್ಡ್ ಪೂರ್ತಿ ಕೆಳಗೇ ಇತ್ತು, ಬೆಣೆ ತೆಗೆದುಹಾಕಿದ್ದೆ.

ಸೂತ್ರ

ಉಳಿದ ಹತ್ತನ್ನು ಇಳಿಸಿದ್ದು ಗಾಳಿಪಟ.

ನಾನು ಬಯಲುಸೀಮೆಯವನು. ಸಮುದ್ರ ನೋಡಿದ್ದೇ ಹೈಸ್ಕೂಲ್ ಪ್ರವಾಸದಲ್ಲಿ. ಆದರೆ ಆಷಾಢದ ಗಾಳಿ ಗೊತ್ತು. ಗಾಳಿಪಟಕ್ಕೆ ಕಾಗದ, ಕಡ್ಡಿ, ಬಾಲಂಗೋಚಿ ಎಲ್ಲ ಸರಿಯಿದ್ದೂ ಸೂತ್ರ ತಪ್ಪಿದರೆ ಅದು ಹಾರಲ್ಲ. ಸೂತ್ರದ ಗಂಟು ಅರ್ಧ ಇಂಚು ಮೇಲಾದರೆ ತಲೆ ಬಗ್ಗಿಸಿ ಮುಗ್ಗರಿಸುತ್ತದೆ, ಕೆಳಗಾದರೆ ಎದೆ ಸೆಟೆದು ನಿಂತುಬಿಡುತ್ತದೆ. ಅಣ್ಣ ಗಂಟನ್ನು ಎಂಜಲು ಹಚ್ಚಿ ಕೂದಲೆಳೆಯಷ್ಟು ಸರಿಸಿ, ಮತ್ತೆ ಹಾರಿಸಿ, ಮತ್ತೆ ಸರಿಸುತ್ತಿದ್ದ.

ಹ್ಯಾಲ್ಯರ್ಡ್ ಮೇಲ್ಗಳಕ್ಕೆ ಕಟ್ಟುವ ಗಂಟು ಇದೇ ಸೂತ್ರ. ನಾನು ಅದನ್ನು ಗಳದ ಮುಂತುದಿಯಿಂದ ಮೂರನೇ ಒಂದು ಭಾಗಕ್ಕೆ, ಅಂದರೆ 1.12 ಮೀಟರಿಗೆ ಕಟ್ಟಿದ್ದೆ. ಮೂರನೇ ಒಂದು ಭಾಗ ಅನ್ನೋದು ಕೇಳೋಕೆ ಚೆಂದ, ಅದಕ್ಕೇ ಯೋಚಿಸದೆ ಒಪ್ಪಿಕೊಂಡಿದ್ದೆ. ಗಂಟು ಹಿಂದಕ್ಕೆ ಹೋದಷ್ಟೂ ಇಡೀ ಹಾಯಿ ಕಂಬದ ಮುಂದಕ್ಕೆ ಬರುತ್ತದೆ. ಹಿಂಭಾಗದ ಭಾರವೂ ಕಡಿಮೆಯಾಗಿ ಡೌನ್‌ಹಾಲ್ ಕೆಲಸ ಹಗುರಾಗುತ್ತದೆ. ಗಳದ ಮೇಲೆ ಐದೈದು ಸೆಂ.ಮೀ.ಗೆ ಪೆನ್ಸಿಲ್ ಗೀಟು ಎಳೆದೆವು. ಹಿಡಿಯ ಕೆಳಗಿನ ಹಲಗೆಗೂ ಗೀಟು. ಒಂದು ಸಲಕ್ಕೆ ಒಂದೇ ಬದಲಾವಣೆ, ಉಳಿದದ್ದನ್ನು ಮುಟ್ಟುವ ಹಾಗಿಲ್ಲ ಅಂತ ಹೆಂಡತಿಯ ಆಜ್ಞೆ. ನೋಟ್‌ಬುಕ್ ಅವಳ ಕೈಯಲ್ಲಿ. ನನ್ನ ಸ್ವಭಾವ ಅವಳಿಗೆ ಗೊತ್ತು.

ಗಂಟನ್ನು 38 ಶೇಕಡಾಕ್ಕೆ, 1.29 ಮೀಟರಿಗೆ ಸರಿಸಿದಾಗ ಹಾಯಿ 17 ಸೆಂ.ಮೀ. ಮುಂದಕ್ಕೆ ಬಂತು. ಬೂಮನ್ನೂ ಅಷ್ಟೇ ಮುಂದಕ್ಕೆ ಬಿಟ್ಟು, ಇನ್ನೂ ಮುಂದೆ ಜಾರದ ಹಾಗೆ ಕಂಬಕ್ಕೆ ಒಂದು ಗಿಡ್ಡ ಹಗ್ಗ ಕಟ್ಟಿದೆವು. ಡೌನ್‌ಹಾಲ್ ಬಿಗಿದಾಗ ಬೂಮ್ ಮುಂದಕ್ಕೆ ಓಡೋಕೆ ನೋಡುತ್ತದೆ. ನಾಲ್ಕು ಟ್ಯಾಕ್ ಹೋಗಿ ಬಂದೆವು. ಹಿಡಿ ನಡುವಿನಿಂದ 6 ಸೆಂ.ಮೀ. ನಾಲ್ಕು ಡಿಗ್ರಿ ಚಿಲ್ಲರೆ.

ನನಗೆ ಅಲ್ಲಿಗೆ ನಿಲ್ಲಿಸೋಕೆ ಆಗಬೇಕಲ್ಲ. ಇನ್ನೂ ಹಗುರ ಮಾಡೋಣ ಅಂತ 42 ಶೇಕಡಾಕ್ಕೆ ಸರಿಸಿದೆ. ಹಿಡಿ ಬೆಣ್ಣೆಯ ಹಾಗಾಯಿತು. ಎರಡು ಬೆರಳಲ್ಲಿ ಹಿಡಿದು ಜಂಬದಿಂದ ಕೂತಿದ್ದೆ. ಒಂದು ಜೋರು ಗಾಳಿ ಬಂತು. ದೋಣಿ ಗಾಳಿ ಕಡೆ ತಿರುಗಿ ತಣ್ಣಗಾಗುವ ಬದಲು ಗಾಳಿಯಿಂದಾಚೆಗೆ ತಿರುಗಿ, ವಾಲಿಕೊಂಡು, ಓಡೋಕೆ ಶುರುಮಾಡಿತು. ಅಂಚಿನ ಮೇಲಿಂದ ಒಂದು ಬಕೆಟ್ ನೀರು ಒಳಗೆ ಬಂತು. ಶೀಟ್ ಪೂರ್ತಿ ಬಿಟ್ಟೆ. ಹಿಡಿಯಲ್ಲಿ ಸ್ವಲ್ಪ ಜಗ್ಗು ಯಾಕೆ ಇರಲೇಬೇಕು ಅನ್ನೋದು ಆ ಐದು ಸೆಕೆಂಡಿನಲ್ಲಿ ತಿಳಿಯಿತು. ಕೈತಪ್ಪಿ ಬಿಟ್ಟರೂ ದೋಣಿ ತಾನಾಗಿ ಗಾಳಿಗೆ ಮುಖ ಮಾಡಿ ನಿಲ್ಲಬೇಕು. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮುಂದೆ ಹೆಂಡತಿ ಬರೆದದ್ದು ಒಂದೇ ಪದ: "ಬೇಡ."

ಕೊನೆಗೆ 39ಕ್ಕೆ ನಿಲ್ಲಿಸಿದೆವು. 1.33 ಮೀಟರ್. ಆ ಜಾಗದಲ್ಲಿ ಚರ್ಮದ ಪಟ್ಟಿ ಸುತ್ತಿ, ಗಂಟು ಜಾರದ ಹಾಗೆ ಪುಟ್ಟ ಮರದ ತುಂಡು ಅಂಟಿಸಿದ್ದೇನೆ.

ಆಮೇಲಿನ ಅಳತೆ

ಅದೇ ನಿಂತ ನೀರು, ಅದೇ 3ರ ಗಾಳಿ. ಟ್ಯಾಕಿನ ಕೋನ 100 ಡಿಗ್ರಿ, ವೇಗ 3.6 ನಾಟ್. ಗಾಳಿಯ ದಿಕ್ಕಿಗೆ ಗಂಟೆಗೆ 2.3 ನಾಟಿಕಲ್ ಮೈಲಿ. ಎರಡು ಮೈಲಿಗೆ ಮೊದಲು ಒಂದೂಕಾಲು ಗಂಟೆ ಬೇಕಿತ್ತು, ಈಗ 52 ನಿಮಿಷ. ಮೇಲ್ಗಳ ಗಾಳಿಯಲ್ಲಿ 61–62 ಡಿಗ್ರಿಯಲ್ಲಿ ನಿಲ್ಲುತ್ತದೆ, ಸುಕ್ಕು ಇಲ್ಲ. ದಡದಲ್ಲಿ ಮಾತ್ರ ಹಾಯಿ ಮುದುಡಿದ ಪಂಚೆಯ ಹಾಗೆ ಕಾಣುತ್ತದೆ. ಯಾರಾದರೂ ಬಂದು ಸುಕ್ಕು ತೋರಿಸಿದರೆ ಈಗ ನಾನು ಸುಮ್ನೆ ತಲೆಯಾಡಿಸುತ್ತೇನೆ.

ಒಂದು ಚಿಕ್ಕ ಲಾಭ ಪುಕ್ಕಟೆಯಾಗಿ ಬಂತು. ಫೋಟೋಗಳಲ್ಲಿ ನಾವಿಬ್ಬರೂ ಹಿಂದಕ್ಕೆ ಸರಿದು ಕೂತು ದೋಣಿಯ ಹಿಂಭಾಗ ನೀರಲ್ಲಿ ಎಳೆದಾಡುತ್ತಿದ್ದದ್ದು ಕಂಡಿತು. ಅವಳು ಒಂದು ಮೊಳ ಮುಂದೆ ಕೂತರೆ ಹಿಂದಿನ ನೀರಿನ ಗದ್ದಲ ಕಡಿಮೆ. ಎದುರು ಗಾಳಿಯಲ್ಲಿ ಮುಂದೆ ಕೂತವರಿಗೆ ನೀರು ಸಿಡಿಯುತ್ತದೆ. ಆ ಜಾಗದ ಬಗ್ಗೆ ಮಾತುಕತೆ ಇನ್ನೂ ನಡೆಯುತ್ತಿದೆ.

ಜುಲೈ ಕೊನೆಗೆ ಈಸ್ಟ್ ಹೆಡ್ ಮುಟ್ಟಿದೆವು. ಮರಳ ಮೇಲೆ ಕೂತು ಉಪ್ಪಿಟ್ಟು ತಿಂದೆವು. ಮರಳು ಬೆರೆತ ಉಪ್ಪಿಟ್ಟು.

ಬಗೆಹರಿಯದ್ದು ಒಂದಿದೆ. ಗಾಳಿ 4ರ ಮೇಲ್ತುದಿಗೆ, 15–16 ನಾಟಿಗೆ ಏರಿದಾಗ ಹಾಯಿಯ ಕೆಳಭಾಗ ಸುತ್ತಿ ಕಟ್ಟಿ ಚಿಕ್ಕದು ಮಾಡುತ್ತೇವೆ. ಆಗ ಬೂಮ್ ಮೇಲ್ಗಳಕ್ಕೆ ಹತ್ತಿರ ಬಂದು ಎಲ್ಲ ಕೋನಗಳೂ ಬದಲಾಗುತ್ತವೆ. ಸೆಪ್ಟೆಂಬರಿನಲ್ಲಿ ಹಾಗೆ ಎರಡು ಸಲ ಹೋದೆವು. ಎರಡೂ ಸಲ ಹಿಡಿ 12 ಸೆಂ.ಮೀ.ಗೆ ಹೋಯಿತು, ಹಳೇ ಸುಕ್ಕು ಮತ್ತೆ ಬಂತು. ಚಿಕ್ಕ ಹಾಯಿಗೆ ಬೇರೆಯದೇ ಸೂತ್ರ ಬೇಕು. ಡೌನ್‌ಹಾಲ್ ಹಿಡಿಯುವ ಜಾಗವೂ ಬೂಮಿನ ಮೇಲೆ ಸರಿಯಬೇಕು ಅನಿಸುತ್ತದೆ. ಹಿಂದಕ್ಕೆ ಸರಿದರೆ ಹಾಯಿಯ ಹಿಂದಂಚು ಬಿಗಿಯಾಗುತ್ತದೆ, ಮುಂದಕ್ಕೆ ಬಂದರೆ ಮುಂದಂಚು. ಎರಡನ್ನೂ ಒಟ್ಟಿಗೆ ಬದಲಾಯಿಸೋಕೆ ನೋಟ್‌ಬುಕ್ಕಿನವಳು ಬಿಡಲ್ಲ.

ಈಗ ಅಕ್ಟೋಬರ್. ದೋಣಿ ಟಾರ್ಪಾಲಿನ್ ಕೆಳಗಿದೆ, ಮೇಲ್ಗಳ ಮಾತ್ರ ಊಟದ ಕೋಣೆಯ ಗೋಡೆಗೆ ಒರಗಿದೆ. ಅದರ ಮೇಲೆ 36, 37, 40, 41 ಶೇಕಡಾದಲ್ಲಿ ಅವಳು ಕೆಂಪು ಉಲ್ಲನ್ ದಾರ ಸುತ್ತಿಟ್ಟಿದ್ದಾಳೆ. 42ರಲ್ಲಿ ಸುತ್ತಿಲ್ಲ.